ಬದು, ಬಂಡೆ, ಕೆರೆಯಂಗಳದ ಹೂಗಳು: ಹಾಸನ ಸೀಮೆಯಲ್ಲಿ ಛಾಯಾಗ್ರಹಣ ಮತ್ತು ಗುರುತು

ಯಾರೂ ಬಿತ್ತದೆ, ನೀರೆರೆಯದೆ ತಾವಾಗಿ ಹುಟ್ಟಿ ಹೂಬಿಡುವ ನಾಡಗಿಡಗಳು ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಹೆಚ್ಚಾಗಿ ಕಾಣುವುದು ದಟ್ಟ ಕಾಡಿನಲ್ಲಲ್ಲ. ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ, ಗೋಮಾಳದಲ್ಲಿ, ಹಾಸುಬಂಡೆಯ ಮೇಲೆ, ಹೊಳೆದಂಡೆಯಲ್ಲಿ. ಇವನ್ನು ಇದ್ದ ಜಾಗದಲ್ಲೇ ಚಿತ್ರ ತೆಗೆದು ಸರಿಯಾದ ಹೆಸರು ಹಿಡಿಯುವ ಕೆಲಸಕ್ಕೆ ಗಿಡದ ಅಂಗಗಳ ಪರಿಚಯ, ಮಳೆ ಮತ್ತು ನೆಲದ ತಿಳಿವಳಿಕೆ, ಕ್ಯಾಮೆರಾದ ಪಳಗಿಕೆ ಮೂರೂ ಬೇಕು. ಚೆಂದದ ಚಿತ್ರ ಬೇರೆ, ಗುರುತಿಗೆ ಒದಗುವ ಚಿತ್ರ ಬೇರೆ. ಎಸಳಿನ ಬಣ್ಣ ಎಷ್ಟೇ ಸೊಗಸಾಗಿ ಮೂಡಿದ್ದರೂ ಎಲೆ, ಕಾಂಡ, ಹೂವಿನ ಹಿಂಭಾಗ, ಊರು, ತಾರೀಖು ಇಲ್ಲದಿದ್ದರೆ ಆ ಚಿತ್ರದಿಂದ ಸಸ್ಯಶಾಸ್ತ್ರಕ್ಕೆ ಸಿಗುವುದು ಅಲ್ಪ.

ಹಾಸನ ಜಿಲ್ಲೆ ಮಲೆನಾಡೂ ಬಯಲುಸೀಮೆಯೂ ಕೂಡುವ ನೆಲ. ಪಶ್ಚಿಮದ ಸಕಲೇಶಪುರದಲ್ಲಿ ವರ್ಷದ ಮಳೆ 2,000 ಮಿ.ಮೀ. ಮೀರುತ್ತದೆ, ಪೂರ್ವದ ಚನ್ನರಾಯಪಟ್ಟಣಕ್ಕೆ ಬರುವ ಹೊತ್ತಿಗೆ ಅದು ಸುಮಾರು 700 ಮಿ.ಮೀ.ಗೆ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಹಾಸನ ಪಟ್ಟಣ ಇವೆರಡರ ನಡುವಿನದು. ಅರಕಲಗೂಡಿನ ಪಶ್ಚಿಮ ಭಾಗ ಕೊಡಗಿನ ಗಡಿ ಮುಟ್ಟಿ ಅರೆಮಲೆನಾಡಾಗುತ್ತದೆ. ಅದರ ದಕ್ಷಿಣದಲ್ಲಿ ಕೊಣನೂರು, ರಾಮನಾಥಪುರಗಳ ಬಳಿ ಕಾವೇರಿ ಹರಿಯುತ್ತಾಳೆ. ಹೊಳೆನರಸೀಪುರ ಹೇಮಾವತಿಯ ದಂಡೆಯ ಊರು. ಚನ್ನರಾಯಪಟ್ಟಣ ಕೆರೆ, ತೆಂಗು, ಕಲ್ಲುಗುಡ್ಡಗಳ ಸೀಮೆ. ಕೆಲವೇ ಹರದಾರಿಯ ಅಂತರದಲ್ಲಿ ಮಳೆ ಮತ್ತು ಮಣ್ಣು ಇಷ್ಟು ಬದಲಾಗುವುದರಿಂದ ಒಂದು ತಾಲ್ಲೂಕಿನ ಹೂಗಳ ಪಟ್ಟಿ ಪಕ್ಕದ ತಾಲ್ಲೂಕಿಗೆ ಪೂರ್ತಿ ಹೊಂದುವುದಿಲ್ಲ. ಘಟ್ಟದ ಕಡೆಗೆ ಕ್ಯಾಮೆರಾ ಹೊತ್ತು ಹೋಗುವವರು ಬಹಳ. ಬಯಲಿನ ಈ ತಾಲ್ಲೂಕುಗಳಲ್ಲಿ ನಿಂತು ನೋಡುವವರು ಕಡಿಮೆ. ಇಲ್ಲಿ ದಾಖಲೆಯ ಅಗತ್ಯ ಹೆಚ್ಚಿರುವುದೂ ಅದಕ್ಕೇ.

ಸಸ್ಯಗಳ ದಾಖಲೆಯ ಮಟ್ಟಿಗೆ ಹಾಸನಕ್ಕೆ ದೇಶದ ಹಲವು ಜಿಲ್ಲೆಗಳಿಗಿಲ್ಲದ ಭಾಗ್ಯವಿದೆ. ಹೂಕರ್ ಸಂಪಾದಿಸಿದ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಹೊರಬಂತು. ಮದರಾಸು ಪ್ರಾಂತ್ಯದ ಸಸ್ಯಗಳನ್ನು ಗ್ಯಾಂಬಲ್ ಆರಂಭಿಸಿ ಫಿಶರ್ ಮುಗಿಸಿದ ಕೃತಿ 1915ರಿಂದ 1936ರವರೆಗೆ ವಿವರಿಸಿತು. ಮುಂಬಯಿ ಪ್ರಾಂತ್ಯಕ್ಕೆ ಕುಕ್ ಬರೆದ ಕೃತಿಯಿತ್ತು. ಮೈಸೂರು ಸಂಸ್ಥಾನದ ಹಾಸನ ಈ ಎರಡು ಪ್ರಾಂತ್ಯಗಳ ನಡುವೆ ಉಳಿದುಹೋಯಿತು. ಆ ಕೊರತೆ ನೀಗಿಸಿದವರು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸ್ವಿಟ್ ಪಾದ್ರಿ ಮತ್ತು ಸಸ್ಯಶಾಸ್ತ್ರಜ್ಞ ಸೆಸಿಲ್ ಸಲ್ಡಾನಾ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಅವರೊಂದಿಗೆ ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ ಡಿಸ್ಟ್ರಿಕ್ಟ್’ 1976ರಲ್ಲಿ ಪ್ರಕಟವಾಯಿತು. 900 ಪುಟ ಮೀರಿದ ಆ ಗ್ರಂಥದಲ್ಲಿ ಜಿಲ್ಲೆಯ ಹೂಬಿಡುವ ಗಿಡಗಳಿಗೆ ಕುಟುಂಬ, ಕುಲ, ಪ್ರಭೇದಗಳ ಕ್ರಮದಲ್ಲಿ ವಿವರಣೆಯೂ ಗುರುತಿನ ಕೀಲಿಯೂ ಇವೆ. ಅದೇ ಕಾಲದಲ್ಲಿ, 1974ರಲ್ಲಿ, ಸಲ್ಡಾನಾ ಅವರು ಪಶ್ಚಿಮಘಟ್ಟದ ಮರಗಳ ಮೇಲೆ ಬೆಳೆಯುವ ಒಂದು ಪುಟ್ಟ ಆರ್ಕಿಡ್ ಕುಲಕ್ಕೆ ಆ ಸಂಸ್ಥೆಯ ನೆನಪಿನಲ್ಲಿ ‘ಸ್ಮಿತ್‌ಸೋನಿಯಾ’ ಎಂದು ಹೆಸರಿಟ್ಟರು. ಮುಂದೆ ಅವರು ಇಡೀ ಕರ್ನಾಟಕದ ಸಸ್ಯಗ್ರಂಥ ಕೈಗೆತ್ತಿಕೊಂಡರು. ಅದರ ಮೊದಲ ಎರಡು ಸಂಪುಟಗಳು 1984 ಮತ್ತು 1996ರಲ್ಲಿ ಬಂದವು. ಅವರು ಕಟ್ಟಿದ ಒಣಸಸ್ಯಗಳ ಸಂಗ್ರಹ, ಅಂದರೆ ಹರ್ಬೇರಿಯಂ, ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದೆ. ಇಲ್ಲಿನ ಬದುವಿನಲ್ಲಿ ಇಂದು ತೆಗೆದ ಚಿತ್ರವನ್ನು ಇದೇ ಜಿಲ್ಲೆಯಲ್ಲಿ ಅರ್ಧ ಶತಮಾನದ ಹಿಂದೆ ಕಿತ್ತು ಒಣಗಿಸಿಟ್ಟ ಮಾದರಿಯ ಜೊತೆ ಇಟ್ಟು ನೋಡಬಹುದೆಂಬುದು ಈ ಸೀಮೆಯ ಛಾಯಾಗ್ರಾಹಕನ ಕೆಲಸಕ್ಕೆ ತೂಕ ಕೊಡುವ ಸಂಗತಿ.

ಹೂಗಳ ಕಾಲವನ್ನು ಇಲ್ಲಿ ಇಂಗ್ಲಿಷ್ ತಿಂಗಳಿಗಿಂತ ಮಳೆನಕ್ಷತ್ರ ಹಿಡಿದು ಎಣಿಸುವುದು ಸಲೀಸು. ಬೇಸಿಗೆಯಲ್ಲಿ ಮರಗಳದೇ ಮೆರವಣಿಗೆ: ಮುತ್ತುಗ, ಹಾಲುವಾಣ, ಅವುಗಳ ಬೆನ್ನಿಗೆ ಕಕ್ಕೆ. ಕುರುಚಲು ಪೊದೆಗಳ ನಡುವೆ ಕವಳೆಯ ಬಿಳಿಹೂ ಘಮಗುಡುತ್ತದೆ. ಭರಣಿ, ಕೃತ್ತಿಕೆ ಮಳೆ ಬಿದ್ದು ನೆಲ ನೆನೆದ ಕೂಡಲೇ ಗೆಡ್ಡೆಯ ಗಿಡಗಳು ಏಳುತ್ತವೆ. ನೆಲಕ್ಕಂಟಿಕೊಂಡ ಗರಿಗಳ ನಡುವೆ ಆರೆಸಳಿನ ಹಳದಿ ನಕ್ಷತ್ರದಂಥ ನೆಲತೆಂಗಿನ ಹೂ ಅವುಗಳಲ್ಲೊಂದು. ಕಾಡೀರುಳ್ಳಿ ಇನ್ನೂ ವಿಚಿತ್ರ: ಒಣನೆಲದಿಂದ ಎಲೆಯೇ ಇಲ್ಲದ ಉದ್ದನೆಯ ದಂಟು ಮೇಲೆದ್ದು ಸಂಜೆಯ ಮೇಲೆ ಹೂ ಅರಳಿಸುತ್ತದೆ, ಎಲೆ ಬರುವುದು ಮಳೆ ಹಿಡಿದ ಮೇಲೆ. ಇಂಥ ಗಿಡದ ಗುರುತು ಒಂದೇ ಭೇಟಿಯಲ್ಲಿ ಪೂರ್ತಿಯಾಗದು. ಹೂ ಕಂಡ ಜಾಗವನ್ನು ಗುರುತು ಹಾಕಿಕೊಂಡು ಮಳೆಗಾಲದಲ್ಲಿ ಎಲೆಯ ಚಿತ್ರಕ್ಕೆ ಮತ್ತೆ ಹೋಗಬೇಕು.

ಆಷಾಢದ ಗಾಳಿಯಲ್ಲಿ ಹೂ ಇದ್ದರೂ ಕ್ಯಾಮೆರಾಕ್ಕೆ ನಿಲ್ಲುವುದು ಕಷ್ಟ. ಶ್ರಾವಣ, ಭಾದ್ರಪದಗಳಲ್ಲಿ ಬೇಲಿಸಾಲು ತುಂಬಿಕೊಳ್ಳುತ್ತದೆ. ಗೌರಿಹಬ್ಬದ ಆಸುಪಾಸಿನಲ್ಲಿ ಗೌರಿಹೂ ಬೆಂಕಿಯ ಬಣ್ಣ ತಳೆಯುತ್ತದೆ. ಉತ್ತರೆಯಿಂದ ಚಿತ್ತೆ ಮಳೆಯವರೆಗಿನ ಅವಧಿ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆ, ಈ ನಾಲ್ಕು ತಾಲ್ಲೂಕುಗಳಿಗೂ ಅತ್ಯಂತ ಸಮೃದ್ಧ ಕಾಲ. ರಾಗಿಹೊಲದ ಬದುಗಳಲ್ಲಿ ತುಂಬೆ, ಕನ್ನೆಸೊಪ್ಪು, ಅಣ್ಣೆಸೊಪ್ಪಿನ ನಸುಗೆಂಪು ತೆನೆ, ವಿಷ್ಣುಕ್ರಾಂತಿಯ ನೀಲಿ ಬೊಟ್ಟು ಒಟ್ಟೊಟ್ಟಿಗೆ ಕಾಣಸಿಗುತ್ತವೆ. ಅದೇ ಹೊತ್ತಿನಲ್ಲಿ ರಾಗಿಯ ಅಕ್ಕಡಿ ಸಾಲಿನಲ್ಲಿ ಅರಳುವ ಹಳದಿ ಹುಚ್ಚೆಳ್ಳನ್ನು ಪೇಟೆಯವರು ಕಾಡುಹೂವೆಂದು ಚಿತ್ರ ತೆಗೆಯುವುದುಂಟು. ಅದು ಎಣ್ಣೆಕಾಳಿನ ಬೆಳೆ.

ನೆಲೆಗಳ ಪೈಕಿ ಹೆಚ್ಚು ತಾಳ್ಮೆ ಬೇಡುವುದೂ ಹೆಚ್ಚು ಪ್ರತಿಫಲ ಕೊಡುವುದೂ ಹಾಸುಬಂಡೆ. ಶ್ರವಣಬೆಳಗೊಳದ ವಿಂಧ್ಯಗಿರಿ ಮತ್ತು ಚಂದ್ರಗಿರಿಗಳಂಥ ಕಗ್ಗಲ್ಲಿನ ಗುಡ್ಡಗಳು ಬೇಸಿಗೆಯಲ್ಲಿ ಬೋಳಾಗಿ ಕಾಣುತ್ತವೆ. ಮಳೆಗಾಲದಲ್ಲಿ ಬಂಡೆಯ ತಗ್ಗುಗಳಲ್ಲಿ ನೀರು ನಿಂತು, ಬೆರಳಗಲ ಮಣ್ಣು ಕೂತು, ಅದರ ಮೇಲೆ ಪುಟ್ಟ ಗಿಡಗಳ ಲೋಕವೇ ತೆರೆದುಕೊಳ್ಳುತ್ತದೆ. ನೇರಳೆ ಹೂವಿನ ಸಯನೋಟಿಸ್, ಗುಂಡುಸೂಜಿಯ ತಲೆಯಂತೆ ಬಿಳಿ ಹೂಗುಚ್ಛ ಹೊತ್ತ ಎರಿಯೊಕಾಲಾನ್, ಬಂಡೆಯ ಜಿನುಗುನೀರಿನಲ್ಲಿ ಕೀಟ ಹಿಡಿಯುವ ಡ್ರೊಸೆರಾ ಇಂಥ ನೆಲದಲ್ಲೇ ಹುಡುಕಬೇಕಾದ ಗಿಡಗಳು. ಡ್ರೊಸೆರಾ ಬರ್ಮಾನೈಯ ಚಮಚದಾಕಾರದ ಎಲೆಗಳು ನೆಲಕ್ಕೊತ್ತಿಕೊಂಡು ಸುತ್ತು ಹರಡುತ್ತವೆ. ಡ್ರೊಸೆರಾ ಇಂಡಿಕಾ ನೆಟ್ಟಗೆ ಬೆಳೆದು ದಾರದಂಥ ಉದ್ದ ಎಲೆ ಬಿಡುತ್ತದೆ. ಹೀಗೆ ಹೂವಿಲ್ಲದಾಗಲೂ ಇವೆರಡನ್ನು ಬೇರ್ಪಡಿಸಬಹುದು. ಎಲೆಯ ತುದಿಯ ಅಂಟುಹನಿಗಳು ಬೆಳಗಿನ ಓರೆಬಿಸಿಲಿಗೆ ಎದುರಾಗಿ ಕ್ಯಾಮೆರಾ ಹಿಡಿದರೆ ಚೆನ್ನಾಗಿ ಮೂಡುತ್ತವೆ. ಬಂಡೆಯ ಮೇಲಿನ ತೆಳುಮಣ್ಣು ವರ್ಷಾನುಗಟ್ಟಲೆ ಕೂತು ಆದದ್ದು. ಒಂದು ಮೊಣಕಾಲೂರಿದರೂ ಕಿತ್ತುಬರುತ್ತದೆ. ಆದ್ದರಿಂದ ಬರಿಗಲ್ಲಿನ ಮೇಲೆ ಕೂತು ಕೈ ಚಾಚಿ ಚಿತ್ರ ತೆಗೆಯಬೇಕು.

ಕೆರೆ ಮತ್ತು ಗದ್ದೆಯ ಬಯಲಿನಲ್ಲಿ ಬೇರೆಯದೇ ಸಂಸಾರ. ನೈದಿಲೆ, ತಾವರೆಗಳು ಎಲ್ಲರಿಗೂ ಗೊತ್ತು. ನೀರು ಇಂಗುವ ಅಂಚಿನಲ್ಲಿ ಬೆಳೆಯುವ ಕೊಳವಳಿಕೆಯನ್ನು ಗಮನಿಸುವವರು ಕಡಿಮೆ. ಅದರ ನೇರಳೆ ಹೂಗಳು ಗಿಣ್ಣಿನ ಸುತ್ತ ಕೂರುತ್ತವೆ. ಪ್ರತಿ ಗಿಣ್ಣಿಗೂ ಉದ್ದನೆಯ ಆರು ಮುಳ್ಳು. ಆ ಗಿಣ್ಣೊಂದನ್ನು ಸ್ಪಷ್ಟವಾಗಿ ತೆಗೆದರೆ ಗುರುತಿಗೆ ಬೇರೇನೂ ಬೇಡ. ಹೇಮಾವತಿ, ಕಾವೇರಿಗಳ ದಂಡೆಯಲ್ಲಿ ಹೊಳೆಮತ್ತಿಯ ನೆರಳು, ಲಕ್ಕಿಗಿಡದ ನಸುನೀಲಿ ತೆನೆ. ಇನ್ನು ಕಾವಲು, ಗೋಮಾಳಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗೆಂದು ಬಿಟ್ಟ ಕಾವಲುಗಳು ಹಾಸನ ಜಿಲ್ಲೆಯಲ್ಲೂ ಇದ್ದವು. ದನ ಮೇದು, ಮಳೆಗೆ ಮತ್ತೆ ಚಿಗುರಿ ಉಳಿದ ಈ ಹುಲ್ಲುನೆಲದಲ್ಲಿ ತಂಗಡಿ, ಗಿಜಿಗಿಜಿ ಗಿಡಗಳ ಜೊತೆ ಹೆಬನೇರಿಯಾ ಕುಲದ ನೆಲ ಆರ್ಕಿಡ್‌ಗಳೂ ಮಳೆಗಾಲದಲ್ಲಿ ತಲೆಯೆತ್ತುತ್ತವೆ. ಸರ್ಕಾರಿ ಕಡತದಲ್ಲಿ ಇಂಥ ನೆಲವನ್ನು ಬಂಜರೆಂದು ಬರೆಯುವುದು ತಪ್ಪು ಲೆಕ್ಕ.

ಗುರುತಿನ ಕೀಲಿ ಕೇಳುವ ಮೊದಲ ಪ್ರಶ್ನೆಗಳು ಬಹುತೇಕ ಹೂವಿನ ಬಣ್ಣದ ಬಗ್ಗೆ ಇರುವುದಿಲ್ಲ. ಎಲೆಗಳು ಎದುರುಬದುರೋ ಒಂದಾದ ಮೇಲೊಂದೋ, ಒಂಟಿ ಎಲೆಯೋ ಸಂಯುಕ್ತ ಎಲೆಯೋ, ತೊಟ್ಟಿನ ಬುಡದಲ್ಲಿ ಕಾವಿನೆಲೆ ಇದೆಯೋ, ಕೇಸರಗಳೆಷ್ಟು, ಅಂಡಾಶಯ ಎಸಳಿನ ಮೇಲಿದೆಯೋ ಕೆಳಗೋ ಎಂದು ಅದು ಕೇಳುತ್ತದೆ. ತಂಗಡಿಯನ್ನು ಅದರ ಬಂಧುಗಳಿಂದ ಬೇರ್ಪಡಿಸುವುದು ಕಣ್ಣು ಸೆಳೆಯುವ ಹಳದಿ ಗೊಂಚಲಲ್ಲ, ಎಲೆತೊಟ್ಟಿನ ಬುಡದಲ್ಲಿರುವ ಕಿವಿಯಾಕಾರದ ಅಗಲ ಕಾವಿನೆಲೆ. ಕನ್ನೆಸೊಪ್ಪಿನಲ್ಲಿ ಹೂ ಹೊರಡುವ ಹಸಿರು ಮಡಿಕೆಯ ಅಂಚು ಬೆಸೆದು ಆಲಿಕೆಯಂತಾಗಿದೆಯೋ ಬಿಡಿಯಾಗಿದೆಯೋ ಎಂಬುದೇ ಪ್ರಭೇದಕ್ಕೆ ದಾರಿ. ಬೆಸೆದಿದ್ದು, ಎಲೆಯ ಬುಡದ ಒರೆಯಲ್ಲಿ ಕಂದುಗೆಂಪು ರೋಮವಿದ್ದರೆ ಅದು ಕಾಮೆಲಿನಾ ಬೆಂಗಾಲೆನ್ಸಿಸ್. ಈ ಗಿಡ ಮಣ್ಣಿನೊಳಗೂ ಅರಳದ ಹೂಗಳನ್ನು ಬಿಟ್ಟು ಬೀಜ ಕಟ್ಟುತ್ತದೆ.

ತುಂಬೆ ಇನ್ನೂ ಒಳ್ಳೆಯ ಪಾಠ. ಶಿವಪೂಜೆಗೆ ಬಿಡಿಸುವ ಈ ಬಿಳಿಹೂವನ್ನು ಎಲ್ಲರೂ ಬಲ್ಲರು. ಆದರೆ ಲ್ಯೂಕಾಸ್ ಕುಲದಲ್ಲಿ ತುಂಬೆಯನ್ನು ಹೋಲುವ ಪ್ರಭೇದಗಳು ಹಲವು, ಹಳ್ಳಿಯ ಮಾತಿನಲ್ಲಿ ಎಲ್ಲವೂ ತುಂಬೆಯೇ. ಹೂವಿನ ಮೇಲ್ದುಟಿ ಬಿಳಿ ರೋಮದ ಕುಲಾವಿಯಂತಿದ್ದು ಕೆಳದುಟಿ ಅಗಲವಾಗಿ ಚಾಚಿರುವುದು ಎಲ್ಲಕ್ಕೂ ಸಾಮಾನ್ಯ. ಬೇರೆಯಾಗುವುದು ಹೂ ಉದುರಿದ ಮೇಲೂ ಉಳಿಯುವ ಹಸಿರು ಕೊಳವೆ, ಪುಷ್ಪಪಾತ್ರೆ. ಲ್ಯೂಕಾಸ್ ಆಸ್ಪೆರಾದಲ್ಲಿ ಆ ಕೊಳವೆ ತುಸು ಬಾಗಿದ್ದು ಬಾಯಿ ಓರೆಯಾಗಿ ಮೇಲಂಚು ಮುಂಚಾಚಿರುತ್ತದೆ. ಲ್ಯೂಕಾಸ್ ಸೆಫಲೋಟಿಸ್‌ನಲ್ಲಿ ಹೂಗಳು ದಪ್ಪ ಚೆಂಡಿನಂಥ ಗೊಂಚಲಾಗಿ ಅಗಲ ಎಲೆಗಳ ಮೇಲೆ ಕೂತಿರುತ್ತವೆ. ಹಾಗಾಗಿ ತುಂಬೆಯ ಚಿತ್ರ ತೆಗೆಯುವವರು ಅರಳಿದ ಹೂವಿನಷ್ಟೇ ಶ್ರದ್ಧೆಯಿಂದ ಹೂ ಉದುರಿದ ಕೊಳವೆಯ ಬಾಯಿಯನ್ನು ಪಕ್ಕದಿಂದ ತೆಗೆದಿಡಬೇಕು.

ಹೀಗೆ ನೋಡಿದರೆ ಒಂದು ಗಿಡಕ್ಕೆ ಒಂದು ಚಿತ್ರ ಎಂದೂ ಸಾಲದು. ದೂರದಿಂದ ಇಡೀ ನೆಲೆ, ಹತ್ತಿರದಿಂದ ಇಡೀ ಗಿಡ, ಕಾಂಡಕ್ಕೆ ಎಲೆ ಸೇರುವ ಜಾಗ, ಎಲೆಯ ಎರಡೂ ಮೈ, ಹೂವಿನ ಮುಂಭಾಗ, ಪಕ್ಕ, ಹಿಂಭಾಗ, ಸಿಕ್ಕರೆ ಕಾಯಿ. ಅಳತೆಗೆ ಒಂದು ಚಿತ್ರದಲ್ಲಿ ಸ್ಕೇಲನ್ನೋ ಒಂದು ರೂಪಾಯಿಯ ನಾಣ್ಯವನ್ನೋ ಪಕ್ಕದಲ್ಲಿಡಬೇಕು. ಮ್ಯಾಕ್ರೋ ಚಿತ್ರದಲ್ಲಿ ಸಾಸಿವೆಯಷ್ಟು ಹೂವೂ ದಾಸವಾಳದಷ್ಟು ಕಾಣುವುದರಿಂದ ಇದನ್ನು ಬಿಡುವಂತಿಲ್ಲ.

ಬೆಳಕು ಮತ್ತು ಹೊತ್ತು ಹೂವಿನ ಸ್ವಭಾವಕ್ಕೆ ತಕ್ಕಂತೆ. ಕನ್ನೆಸೊಪ್ಪು, ವಿಷ್ಣುಕ್ರಾಂತಿಗಳು ಎಳೆಬಿಸಿಲಿಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತವೆ. ಶ್ರೀಮುದ್ರೆ ಎಂದೂ ಕರೆಯುವ ತುತ್ತಿಯ ಹಳದಿ ಹೂ ಬಿಸಿಲು ಇಳಿದ ಮೇಲೆ ಅರಳುತ್ತದೆ. ಬೆಳಿಗ್ಗೆ ಹೋದವರಿಗೆ ಸಿಗುವುದು ಚಕ್ರದಂಥ ಕಾಯಿ ಮಾತ್ರ. ನೆತ್ತಿಯ ಬಿಸಿಲಿನಲ್ಲಿ ಅನಿವಾರ್ಯವಾಗಿ ತೆಗೆಯಬೇಕಾದರೆ ಬಿಳಿ ಕೊಡೆಯೋ ತೆಳು ಬಿಳಿಬಟ್ಟೆಯೋ ಹಿಡಿದು ಬೆಳಕನ್ನು ಮೃದುವಾಗಿಸಬಹುದು. ತುಂಬೆಯಂಥ ಬಿಳಿಹೂ ಹಸಿರಿನ ನಡುವೆ ಇದ್ದಾಗ ಕ್ಯಾಮೆರಾ ಹಸಿರನ್ನು ಅಳೆದು ಬಿಳಿಯನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಶರ್ ಅನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿದರೆ ರೋಮಗಳ ವಿವರ ಉಳಿಯುತ್ತದೆ. ಗೌರಿಹೂವಿನ ಕಡುಗೆಂಪಿಗೂ ಇದೇ ಎಚ್ಚರ ಬೇಕು. ಅದರ ಆರು ಎಸಳುಗಳು ಅಲೆಯಂಚು ಹೊತ್ತು ಹಿಂದಕ್ಕೆ ಮಡಚಿಕೊಂಡು ಮೊದಲು ಹಳದಿಹಸಿರು, ದಿನ ಕಳೆದಂತೆ ಕೆಂಪು. ಆರು ಕೇಸರ ಸುತ್ತ ಚಾಚಿದ್ದರೆ ಶಲಾಕೆ ಬುಡದಲ್ಲೇ ಕಟ್ಟುಮುರಿದಂತೆ ಅಡ್ಡ ತಿರುಗಿರುತ್ತದೆ. ಎಲೆಯ ತುದಿಯೇ ಬಳ್ಳಿಯ ಕುಡಿಯಾಗಿ ಪಕ್ಕದ ಪೊದೆಯನ್ನು ಹಿಡಿಯುತ್ತದೆ. ಮುಂದಿನಿಂದ ತೆಗೆದ ಚಿತ್ರದಲ್ಲಿ ಶಲಾಕೆಯ ಈ ತಿರುವು ಕಾಣುವುದಿಲ್ಲ. ಹೂವಿನ ಮಟ್ಟಕ್ಕೆ ಬಗ್ಗಿ ಪಕ್ಕದಿಂದ ತೆಗೆಯಬೇಕು. ಗಿಡದ ಎಲ್ಲ ಭಾಗಗಳಲ್ಲೂ ಕಾಲ್ಚಿಸಿನ್ ಎಂಬ ವಿಷವಿರುವುದರಿಂದ ಗೆಡ್ಡೆಗೆ ಕೈಹಾಕಿದವರು ತೊಳೆಯದೆ ಬಾಯಿಗೆ ಒಯ್ಯಬಾರದು.

ಗಾಳಿಗೆ ಮದ್ದು ಬೇಗ ಏಳುವುದೇ. ಸೂರ್ಯೋದಯದ ನಂತರದ ಒಂದೆರಡು ಗಂಟೆ ಬಯಲಿನಲ್ಲಿ ಎಲೆ ಅಲುಗದ ಹೊತ್ತು. ಆಳದವರೆಗೆ ಫೋಕಸ್ ಬೇಕಾದ ಗುರುತಿನ ಚಿತ್ರಗಳಿಗೆ ಎಫ್/8ರಿಂದ ಎಫ್/16ರವರೆಗಿನ ಅಪರ್ಚರ್ ಸೂಕ್ತ. ಮೊಬೈಲಿನಲ್ಲಿ ಪುಟ್ಟ ಹೂವಿಗಿಂತ ಹಿಂದಿನ ಹುಲ್ಲಿಗೆ ಫೋಕಸ್ ಕೂರುವುದೇ ದೊಡ್ಡ ತೊಡಕು; ಹೂವಿನ ಹಿಂದೆ ಅಂಗೈ ಒಡ್ಡಿ ಫೋಕಸ್ ಹಿಡಿದು, ಬಳಿಕ ಕೈ ತೆಗೆದರೆ ಕೆಲಸ ಆಗುತ್ತದೆ. ಅಡ್ಡ ಬಂದ ಹುಲ್ಲನ್ನು ಕೀಳದೆ ಬಗ್ಗಿಸಿ ಹಿಡಿಯಬೇಕು. ಆ ಹುಲ್ಲೂ ನೆಲೆಯ ಭಾಗ.

ನಾಡಗಿಡ ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂಬ ಪ್ರಶ್ನೆಯನ್ನು ಈ ಸೀಮೆಯಲ್ಲಿ ತಪ್ಪಿಸುವಂತಿಲ್ಲ. ಹೆದ್ದಾರಿಯ ಬದಿಯಲ್ಲಿ ಹೆಚ್ಚು ಕಾಣುವ ಲಂಟಾನ, ಬದುವಿನ ಜಯಂತಿ ಅಂದರೆ ಟ್ರೈಡಾಕ್ಸ್, ಹಾಳುನೆಲದ ಅರಿಸಿನ ಉಮ್ಮತ್ತಿ, ಮಕ್ಕಳ ಪ್ರೀತಿಯ ಮುಟ್ಟಿದರೆ ಮುನಿ ಎಲ್ಲವೂ ಅಮೆರಿಕ ಖಂಡಗಳ ಮೂಲದವು. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಂಡ ಕಾಂಗ್ರೆಸ್ ಗಿಡ ಈಗ ಇಲ್ಲಿನ ಯಾವ ಖಾಲಿ ನಿವೇಶನವನ್ನೂ ಬಿಟ್ಟಿಲ್ಲ. ಮನೆಯಂಗಳದ ನಿತ್ಯಪುಷ್ಪ ಮಡಗಾಸ್ಕರಿನದು. ಆದರೆ ಅದೇ ಕುಲದ ಕ್ಯಾಥರಾಂಥಸ್ ಪುಸಿಲಸ್ ಎಂಬ ಪುಟ್ಟ ಬಿಳಿಹೂವಿನ ಗಿಡ ನಮ್ಮ ಹೊಲಗಳ ಮೂಲನಿವಾಸಿ, ಕಳೆಯೆಂದು ಕೀಳಿಸಿಕೊಳ್ಳುತ್ತಲೇ ಬಂದಿರುವುದು. ವಿದೇಶಿ ಗಿಡಗಳ ಚಿತ್ರವೂ ದಾಖಲೆಗೆ ಬೇಕು, ಯಾವ ವರ್ಷ ಎಲ್ಲಿಗೆ ಬಂತೆಂದು ತಿಳಿಯಲು. ಅವನ್ನು ನಾಡಹೂಗಳ ಪಟ್ಟಿಗೆ ಸೇರಿಸಬಾರದು, ಅಷ್ಟೆ.

ಹೆಸರು ಹುಡುಕಲು ಊರಿನ ಹಿರಿಯರನ್ನು, ದನ ಕಾಯುವವರನ್ನು, ನಾಟಿವೈದ್ಯರನ್ನು ಕೇಳುವುದು ಮೊದಲ ಮೆಟ್ಟಿಲು. ಅವರ ಹೆಸರಿನ ಜೊತೆಗೇ ಗಿಡ ಯಾವಾಗ ಏಳುತ್ತದೆ, ದನ ಮುಟ್ಟುತ್ತದೋ ಇಲ್ಲವೋ ಎಂಬ ವಿವರವೂ ಸಿಗುತ್ತದೆ; ಪುಸ್ತಕದಲ್ಲಿ ಇಷ್ಟು ಸಿಗದು. ಆದರೆ ಒಂದೇ ಹೆಸರಿನಡಿ ಎರಡು ಗಿಡ ಬರಬಹುದು. ಬಂದನಿಕೆ ಎಂದರೆ ಮರದ ರಸ ಹೀರುವ ಪರಾವಲಂಬಿಯೂ ಹೌದು, ಮರದ ಮೇಲೆ ಬರಿದೆ ಆಸರೆ ಪಡೆದ ವಾಂಡಾ ಆರ್ಕಿಡ್ ಕೂಡ ಹೌದು. ಆದ್ದರಿಂದ ಊರಹೆಸರನ್ನು ಬರೆದುಕೊಂಡು ಶಾಸ್ತ್ರೀಯ ಹೆಸರಿಗೆ ಪುಸ್ತಕದ ಕೀಲಿಯನ್ನೇ ಹಿಡಿಯಬೇಕು. 1976ರ ಗ್ರಂಥದ ಕೆಲವು ಹೆಸರುಗಳು ಈಚೆಗೆ ಬದಲಾಗಿವೆ; ತಂಗಡಿಯನ್ನು ಹಿಂದೆ ಕ್ಯಾಸಿಯಾ ಕುಲದಲ್ಲಿ ಇಟ್ಟಿದ್ದರು, ಈಗ ಅದು ಸೆನ್ನಾ. ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಕರ್ನಾಟಕದ ಗಿಡಗಳ ಮಾಹಿತಿಯನ್ನು ಗಣಕಕ್ಕೂ ತಂದಿದೆ. ಚಿತ್ರ ತೋರಿಸಿದೊಡನೆ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳು ಕುಟುಂಬದವರೆಗೆ, ಕೆಲವೊಮ್ಮೆ ಕುಲದವರೆಗೆ ಒಳ್ಳೆಯ ಸುಳಿವು ಕೊಡುತ್ತವೆ. ಅವು ಹೆಚ್ಚು ಚಿತ್ರಗಳಿರುವ ಗಿಡದ ಕಡೆಗೆ ವಾಲುವುದರಿಂದ ಬಯಲುಸೀಮೆಯ ಸಣ್ಣ ಗಿಡಗಳ ವಿಷಯದಲ್ಲಿ ಆ ಉತ್ತರವನ್ನೇ ಕೊನೆಯದೆಂದು ಬರೆಯಬಾರದು. ಪ್ರಭೇದ ಖಚಿತವಾಗದಿದ್ದರೆ ಕುಲದ ಹೆಸರಿಗೇ ನಿಲ್ಲಿಸುವುದು ಪ್ರಾಮಾಣಿಕ ಕ್ರಮ. ಕನ್ನಡ ಓದುಗರಿಗೆ ಗಿಡ ನೋಡುವ ರುಚಿ ಹತ್ತಿಸಲು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇಂದಿಗೂ ಮೊದಲ ಪುಸ್ತಕ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಲೇಖಕರೇ ಬರೆದ ರೇಖಾಚಿತ್ರಗಳಿವೆ. ಅಂಗಾಂಗದ ವಿವರಕ್ಕೆ ಒಳ್ಳೆಯ ರೇಖಾಚಿತ್ರ ಫೋಟೊಗಿಂತ ಒಂದು ಕೈ ಮೇಲೆಂದು ಅವುಗಳಿಂದ ತಿಳಿಯುತ್ತದೆ.

ಹಾಸನದ ಸಸ್ಯಗ್ರಂಥ ಪ್ರಕಟವಾದ ಮೂರು ವರ್ಷಕ್ಕೆ, 1979ರಲ್ಲಿ, ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣವಾಯಿತು. ಹೊಳೆಯ ದಂಡೆ, ಹೊಲ, ಊರುಗಳು ಹಿನ್ನೀರಿನಡಿ ಹೋದವು; ಶೆಟ್ಟಿಹಳ್ಳಿಯ ಹಳೆಯ ಚರ್ಚು ನೀರಿನ ನಡುವೆ ನಿಂತಿದೆ. ನಾಲೆಗಳು ಬಂದಲ್ಲಿ ಮಳೆಯಾಶ್ರಿತ ಹೊಲಗಳು ಗದ್ದೆ, ತೋಟಗಳಾದವು. ಅನಂತರ ಕಾವಲುಗಳಿಗೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದವು, ಕಲ್ಲುಗುಡ್ಡಗಳಿಗೆ ಕ್ವಾರಿ ಬಂತು, ಬದುಗಳಿಗೆ ಕಳೆನಾಶಕ ಬಂತು. ಕುಡುಗೋಲಿಗೆ ಸಿಕ್ಕ ತುಂಬೆ ಮುಂದಿನ ಮಳೆಗೆ ಮತ್ತೆ ಹುಟ್ಟುತ್ತಿತ್ತು. ವರ್ಷಕ್ಕೆರಡು ಸಲ ಔಷಧಿ ಹೊಡೆದ ಬದುವಿನಲ್ಲಿ ಆ ಭರವಸೆ ಇಲ್ಲ. ಹೀಗೆ 1976ರ ಪುಸ್ತಕ ಈ ದೊಡ್ಡ ಬದಲಾವಣೆಗಳಿಗೆ ಮುಂಚಿನ ಸ್ಥಿತಿಯ ಸಾಕ್ಷಿಯಾಗಿ ಉಳಿದಿದೆ. ಅದರಲ್ಲಿ ನಮೂದಾದ ಗಿಡಗಳನ್ನು ಅದೇ ಸೀಮೆಯಲ್ಲಿ ಮತ್ತೆ ಹುಡುಕಿ, ಸಿಕ್ಕದ್ದನ್ನು ಚಿತ್ರಸಮೇತ, ಸಿಗದ್ದನ್ನು ಸಿಗಲಿಲ್ಲವೆಂದೂ ಬರೆದಿಡುವುದು ಇಲ್ಲಿನ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳೂ ಹವ್ಯಾಸಿಗಳೂ ಕೂಡಿ ಮಾ‌ಡಬಲ್ಲ ಕೆಲಸ. ಇದಕ್ಕೆ ದುಬಾರಿ ಲೆನ್ಸ್‌ಗಿಂತ ಒಂದೇ ಬದುವಿಗೆ ಎಲ್ಲ ಮಳೆಗಳಲ್ಲೂ ಹೋಗಿ ಬರುವ ಶಿಸ್ತು ಮುಖ್ಯ.

ಅಂಥ ದಾಖಲೆಗೆ ಕೆಲವು ಕಟ್ಟುಪಾಡುಗಳಿವೆ. ಸೀಗೆಗುಡ್ಡದಂಥ ಅರಣ್ಯ ಪ್ರದೇಶಗಳಲ್ಲಿ ಕೆಲಸ ಮಾಡುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು; ಹೊಲದ ಬದುವಾದರೆ ಹೊಲದವರನ್ನು ಕೇಳಬೇಕು. ಪ್ರತಿ ಚಿತ್ರಕ್ಕೂ ತಾರೀಖು, ಗ್ರಾಮ, ತಾಲ್ಲೂಕು, ನೆಲದ ಬಗೆ, ಸುತ್ತಲಿನ ಗಿಡಗಳು, ಹೂವಿನ ಪರಿಮಳ ಮತ್ತು ಬಂದ ಕೀಟಗಳ ವಿವರ ಬರೆಯಬೇಕು, ಏಕೆಂದರೆ ಕೊನೆಯ ಎರಡು ಚಿತ್ರದಲ್ಲಿ ಮೂಡುವುದಿಲ್ಲ. ಜಿಪಿಎಸ್ ನೆಲೆಯನ್ನು ಸ್ವಂತ ದಾಖಲೆಯಲ್ಲಿ ಪೂರ್ತಿಯಾಗಿಟ್ಟುಕೊಂಡು, ಆರ್ಕಿಡ್ ಮತ್ತು ಔಷಧಿಗೆಂದು ಕೀಳುವ ಗೆಡ್ಡೆಗಿಡಗಳ ಮಟ್ಟಿಗೆ ಹೊರಗೆ ತಾಲ್ಲೂಕಿನ ಹೆಸರಷ್ಟೇ ಕೊಡುವುದು ವಾಡಿಕೆ.